ಹಲೋ ಸಾಹುಕಾರನ ಕ್ಯಾಲೆಂಡರ್

ಅವನಿಗೆ ಹಲೋ ಸಾಹುಕಾರ ಎಂಬ ಹೆಸರು ಬಿದ್ದದ್ದು ಅಂಗಡಿಯ ದೆಸೆಯಿಂದ. ಎರಡು ಕೋಣೆಯ ಆ ಅಂಗಡಿಯಲ್ಲಿ ನೆಲದಿಂದ ಸೂರಿನವರೆಗೆ ಮುನ್ನೂರು ಟೆಲಿಫೋನುಗಳಿದ್ದವು, ಮಾತಾಡುವಂಥದ್ದು ಮಾತ್ರ ಒಂದೂ ಇರಲಿಲ್ಲ. ಮುಚ್ಚಿದ ಬ್ಯಾಂಕ್ ಶಾಖೆ, ದಿವಾಳಿಯೆದ್ದ ಹೋಟೆಲು, ಬೇರೆ ಕಟ್ಟಡಕ್ಕೆ ಹೋದ ವಿಮಾ ಕಚೇರಿ, ಎಲ್ಲಿ ಬಾಗಿಲು ಹಾಕಿದರೂ ಅಲ್ಲಿ ಮೊದಲು ಹಾಜರಾಗುತ್ತಿದ್ದವನು ಅವನೇ. ಮೇಜು ಕುರ್ಚಿಗಳನ್ನು ಬೇರೆಯವರು ಹೊತ್ತೊಯ್ದರೆ, ಇವನು ಕಚೇರಿಯ ಕೋಣೆ ಕೋಣೆಗೂ ಕರೆ ಹಂಚುವ ಗೋಡೆಯ ಮೇಲಿನ ಫೋನ್ ಪೆಟ್ಟಿಗೆಯನ್ನೂ ಅದಕ್ಕೆ ಸೇರಿದ ಮೂವತ್ತು ನಲವತ್ತು ಫೋನುಗಳನ್ನೂ ಮೂಟೆ ಕಟ್ಟಿಕೊಂಡು ಬರುತ್ತಿದ್ದ. ಒರೆಸಿ, ಸುರುಳಿ ವಯರು ಬದಲಿಸಿ, ಇನ್ನೊಂದು ಕಚೇರಿಗೆ ಮಾರುತ್ತಿದ್ದ. ತನ್ನದು ಬಹಳ ಮರ್ಯಾದೆಯ ಕಸುಬು ಎಂದು ಅವನು ನಂಬಿದ್ದ. ಯಾರೂ ಅದನ್ನು ಅಲ್ಲಗಳೆದಿರಲಿಲ್ಲ, ಯಾಕೆಂದರೆ ಯಾರೂ ಅವನನ್ನು ಕೇಳಿಯೇ ಇರಲಿಲ್ಲ.

ಈ ಪೆಟ್ಟಿಗೆಗಳದ್ದು ಒಂದು ತಕರಾರು. ಪೆಟ್ಟಿಗೆ ನಿಮ್ಮದು, ವಯರು ನಿಮ್ಮದು, ಫೋನು ನಿಮ್ಮದು. ಅದು ಮಾತಾಡುವ ಹಕ್ಕು ಮಾತ್ರ ತಯಾರಿಸಿದ ಕಂಪನಿಯದು. ಆ ಹಕ್ಕಿಗೆ ಲೈಸೆನ್ಸ್ ಎನ್ನುತ್ತಾರೆ. ಅದು ಮೊದಲು ಕೊಂಡವನ ಹೆಸರಿನಲ್ಲಿರುತ್ತದೆ, ಪೆಟ್ಟಿಗೆ ಕೈ ಬದಲಾಯಿಸಿದರೆ ಜೊತೆಗೆ ಬರುವುದಿಲ್ಲ. ಬರಬೇಕಾದರೆ ಅರ್ಜಿ ಹಾಕಬೇಕು, ಹಳೆಯ ಮಾಲೀಕನ ಒಪ್ಪಿಗೆ ಪತ್ರ ತರಬೇಕು. ದಿವಾಳಿಯೆದ್ದು ತಲೆಮರೆಸಿಕೊಂಡವನ ಸಹಿಯನ್ನು ಎಲ್ಲಿಂದ ತರುವುದು? ಹಗಲುದರೋಡೆ ಎಂದರೇನು ಎಂದು ಸಾಹುಕಾರನನ್ನು ಕೇಳಿದ್ದರೆ ಇದನ್ನೇ ತೋರಿಸುತ್ತಿದ್ದ.

ಆದರೆ ಕಂಪನಿಯವರು ಒಂದು ಸಣ್ಣ ಔದಾರ್ಯ ಮೆರೆದಿದ್ದರು. ಲೈಸೆನ್ಸ್ ಇಲ್ಲದಿದ್ದರೂ ಪರೀಕ್ಷೆಗೆಂದು ಮೂವತ್ತು ದಿನ ಎಲ್ಲ ಫೋನುಗಳೂ ಕೆಲಸ ಮಾಡುತ್ತವೆ, ಮೂವತ್ತೊಂದನೇ ದಿನ ಬಾಯಿಗೆ ಬೀಗ. ಸಾಹುಕಾರ ಕಂಡುಕೊಂಡದ್ದು ಇಷ್ಟೇ: ಪೆಟ್ಟಿಗೆಗೆ ಹೊರಗಿನ ಪ್ರಪಂಚ ಗೊತ್ತಿಲ್ಲ, ಅದು ನಂಬುವುದು ತನ್ನ ಹೊಟ್ಟೆಯೊಳಗಿನ ಕ್ಯಾಲೆಂಡರನ್ನು. ಮೂವತ್ತು ತುಂಬುವ ಮೊದಲು ಲ್ಯಾಪ್‌ಟಾಪ್ ಸಿಕ್ಕಿಸಿ ತಾರೀಕನ್ನು ಒಂಬತ್ತು ವರ್ಷ ಹಿಂದಿನ ಆಗಸ್ಟ್ ಒಂದಕ್ಕೆ ತಿರುಗಿಸಿದರೆ ಸಾಕು, ಅದು ಪಾಪ ಮತ್ತೆ ಒಂದರಿಂದ ಎಣಿಸಲು ಕೂರುತ್ತದೆ. ಹೀಗಾಗಿ ಅವನ ಹನ್ನೆರಡು ಗಿರಾಕಿಗಳ ಗೋಡೆಯ ಮೇಲೆ ಆ ಆಗಸ್ಟ್ ಇನ್ನೂ ಮುಗಿದಿರಲಿಲ್ಲ.

ಇದಕ್ಕಾಗಿ ತಿಂಗಳಿಗೊಮ್ಮೆ ಪ್ರತಿ ಗಿರಾಕಿಯ ಬಳಿ ಹೋಗಲೇಬೇಕು. ಸುಮ್ಮನೆ ಹೋದರೆ ಅನುಮಾನ ಬರುತ್ತದೆಂದು ಅವನು ‘ಮಾಸಿಕ ತಪಾಸಣೆ’ ಎಂಬುದನ್ನು ಹುಟ್ಟುಹಾಕಿದ. ಚೀಲದಲ್ಲಿ ಒಂದು ಬ್ರಷ್ಷು, ಹಳದಿ ಬಟ್ಟೆ, ಸ್ಪಿರಿಟ್ ಬಾಟಲಿ. ಮೊದಲು ಎಲ್ಲ ರಿಸೀವರುಗಳನ್ನು ಒರೆಸುವುದು, ಬಾಯಿಯ ಕಡೆಯ ತೂತುಗಳಲ್ಲಿ ಸೇರಿದ ಕೊಳೆ ತೆಗೆಯುವುದು, ಸಡಿಲಾದ ವಯರು ಬಿಗಿ ಮಾಡುವುದು. ಕೊನೆಗೆ ಲ್ಯಾಪ್‌ಟಾಪ್ ಬಿಚ್ಚಿ, ಹುಬ್ಬು ಗಂಟಿಕ್ಕಿ, “ಸ್ವಲ್ಪ ಪ್ರೆಶರ್ ಜಾಸ್ತಿಯಾಗಿದೆ, ಇಳಿಸ್ತೀನಿ” ಎಂದು ಅರ್ಧ ನಿಮಿಷದ ಕೆಲಸಕ್ಕೆ ಕಾಲು ಗಂಟೆ ತೆಗೆದುಕೊಳ್ಳುವುದು. ಫೋನಿಗೆ ಎಂಥ ಪ್ರೆಶರ್ ಎಂದು ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಲಿಲ್ಲ.

ಗಿರಾಕಿಗಳಿಗೋ ಬೆರಗು. ಕರೆಯದೆ ಬರುವ ರಿಪೇರಿಯವನನ್ನು ಅವರು ಜನ್ಮದಲ್ಲಿ ಕಂಡಿರಲಿಲ್ಲ. “ನಿಯತ್ತು ಅಂದ್ರೆ ಇದು ನೋಡಿ” ಎಂದು ಕನ್ನಡಕದ ಅಂಗಡಿಯ ಯಜಮಾನರು ಬಂದವರಿಗೆಲ್ಲ ಅವನನ್ನು ತೋರಿಸುತ್ತಿದ್ದರು. ಮೊದಮೊದಲು ಅವನಿಗೆ ಮುಜುಗರವಾಗುತ್ತಿತ್ತು. ಎರಡನೇ ವರ್ಷ ಅಭ್ಯಾಸವಾಯಿತು. ಮೂರನೇ ವರ್ಷದ ಹೊತ್ತಿಗೆ ತಾನು ನಿಯತ್ತಿನ ಮನುಷ್ಯ ಎಂಬುದು ಅವನಿಗೇ ಖಾತ್ರಿಯಾಗಿಹೋಗಿತ್ತು.

ಮನೆಯ ಅಡುಗೆಕೋಣೆಯ ಗೋಡೆಯಲ್ಲಿ ಒಂದು ಕ್ಯಾಲೆಂಡರ್ ಇತ್ತು, ಹನ್ನೆರಡು ತಾರೀಕುಗಳಿಗೆ ಕೆಂಪು ಸೊನ್ನೆ ಸುತ್ತಿದ್ದು. ಎರಡು ಸೊನ್ನೆಗಳ ನಡುವೆ ನಾಲ್ಕು ದಿನಕ್ಕಿಂತ ಹೆಚ್ಚು ಬಿಡುವಿರಲಿಲ್ಲವಾದ್ದರಿಂದ ಗಂಡ ಹೆಂಡತಿ ಎಲ್ಲಿಗೂ ಹೋದವರಲ್ಲ. “ರೀ, ನೀವು ತಾಳಿ ಕಟ್ಟಿದ್ದು ನನಗಾ, ಆ ಪೆಟ್ಟಿಗೆಗಳಿಗಾ?” ಎಂದು ಹೆಂಡತಿ ಕೇಳಿದರೆ, “ಜವಾಬ್ದಾರಿ ಕಣೇ” ಎನ್ನುತ್ತಿದ್ದ. ನೆಟ್ಟಗೆ ದುಡಿಯುವವನಿಗೂ ಇಷ್ಟು ಕಷ್ಟವಿರಲಿಲ್ಲ ಎಂಬುದು ಅವನಿಗೆ ಹೊಳೆದಂತೆ ಕಾಣಲಿಲ್ಲ.

ಈ ಹನ್ನೆರಡು ಗಿರಾಕಿಗಳನ್ನು ಅವನಿಗೆ ಕೊಡಿಸಿದವಳು ಅಕ್ಕ. ಅವನಿಗಿಂತ ಹದಿನಾಲ್ಕು ವರ್ಷ ದೊಡ್ಡವಳು, ತಾಯಿ ತೀರಿಕೊಂಡ ಮೇಲೆ ಅವನನ್ನು ಸಾಕಿ ಓದಿಸಿದವಳು, ಈಗ ಒಂದು ಶಾಲೆಯ ಮುಖ್ಯೋಪಾಧ್ಯಾಯಿನಿ. ಊರಿನ ಅರ್ಧ ಅಂಗಡಿಕಾರರು ಅವಳ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರು, ಅವಳ ಮಾತೆಂದರೆ ಈಗಲೂ ಎದ್ದು ನಿಲ್ಲುವವರು. ತಮ್ಮ ಇದಕ್ಕೆ ಮೊದಲು ಮೂರು ವ್ಯಾಪಾರಗಳಿಗೆ ಕೈ ಹಾಕಿ ಮೂರನ್ನೂ ನೀರಿಗೆ ಹಾಕಿದ್ದ. ನಾಲ್ಕನೆಯದಕ್ಕೆ ಅಕ್ಕ ತನ್ನ ಶಾಲೆಗೇ ಮೊದಲ ಪೆಟ್ಟಿಗೆ ಕೊಂಡು, ಉಳಿದ ಹನ್ನೊಂದು ಕಡೆ ತಾನೇ ಹೇಳಿ ಕೊಡಿಸಿದಳು. “ನೋಡು, ಇದೇ ಕೊನೆ. ಇನ್ನೊಂದು ಸಲ ನಿನ್ನಿಂದ ನಾನು ತಲೆ ತಗ್ಗಿಸೋ ಹಾಗಾದ್ರೆ ನನ್ನ ಬಾಗಿಲಿಗೆ ಬರಬೇಡ” ಎಂದಿದ್ದಳು. ಅವಳು ಆಡಿದ್ದನ್ನು ಮಾಡುವವಳು. ಅವನಿಗೆ ಜಗತ್ತಿನಲ್ಲಿ ಭಯವಿದ್ದದ್ದು ಅವಳೊಬ್ಬಳದೇ, ಪ್ರೀತಿಯಿದ್ದದ್ದೂ ಹೆಚ್ಚುಕಡಿಮೆ ಅವಳ ಮೇಲೆಯೇ.

ಒಂದು ತೊಡಕು ಉಳಿದಿತ್ತು. ಪ್ರತಿ ಕಚೇರಿಯ ಮುಂಬಾಗಿಲ ಮೇಜಿನ ಮೇಲಿರುವ ದೊಡ್ಡ ಫೋನಿಗೆ ಒಂದು ಪುಟ್ಟ ಪರದೆ, ಅದರಲ್ಲಿ ತಾರೀಕು ಕಾಣುತ್ತದೆ. ಆ ಫೋನಿನಿಂದಲೇ ತಾರೀಕು ಬದಲಿಸಲೂ ಬರುತ್ತದೆ. ಬುದ್ಧಿಯಿದ್ದವನು ಅದಕ್ಕೊಂದು ಪಾಸ್‌ವರ್ಡ್ ಹಾಕಿಡುತ್ತಿದ್ದ. ಸಾಹುಕಾರ ತನ್ನ ಅಂಗಡಿಯ ಹೆಸರಿದ್ದ ಸ್ಟಿಕ್ಕರನ್ನು ತಾರೀಕಿನ ಮೇಲೆ ಸರಿಯಾಗಿ ಅಂಟಿಸಿ ನಿಶ್ಚಿಂತೆಯಾಗಿದ್ದ. ಜಾಹೀರಾತೂ ಆಯಿತು, ಕೆಲಸವೂ ಆಯಿತು ಎಂದು ಬೀಗಿದ್ದ.

ಶಾಲೆಯಲ್ಲಿ ಹೊಸ ಪ್ರವೇಶ ಶುರುವಾಗುವ ದಿನ, ಬೆಳಿಗ್ಗೆ ಒಂಬತ್ತಕ್ಕೆ, ಅಕ್ಕನ ಮೊಬೈಲಿನಿಂದ ಕರೆ ಬಂತು.

“ಏನೋ, ಇಲ್ಲಿ ಒಂದು ಫೋನೂ ಕೆಲಸ ಮಾಡ್ತಿಲ್ಲ. ಹೊರಗಡೆ ನೂರು ಜನ ತಂದೆತಾಯಿ ನಿಂತಿದಾರೆ.”

“ಪ್ರೆಶರ್ ಇರ್ಬೇಕು ಅಕ್ಕ.”

“ಎಂಥ ಪ್ರೆಶರ್ರೋ? ನಿನ್ನೆ ಸಂಜೆ ಆ ಸ್ಟಿಕ್ಕರ್ ಅರ್ಧ ಕಿತ್ತು ಬಂದಿತ್ತು, ಪೂರ್ತಿ ತೆಗೆದು ಒರೆಸಿದೆ. ಒಳಗೆ ನೋಡಿದ್ರೆ ತಾರೀಕು ತಪ್ಪು! ಸ್ವಲ್ಪ ಅಲ್ಲ, ಒಂಬತ್ತು ವರ್ಷ ತಪ್ಪು. ಫೋನಿನ ಜೊತೆ ಬಂದಿದ್ದ ಪುಸ್ತಕ ನೋಡ್ಕೊಂಡು ನಾನೇ ಸರಿ ಮಾಡ್ದೆ.”

ಮೂವತ್ತು ವರ್ಷ ಮಕ್ಕಳ ನೋಟ್‌ಬುಕ್ಕಿನಲ್ಲಿ ಬರೀ ತಾರೀಕು ತಪ್ಪಿದ್ದಕ್ಕೇ ಕೆಂಪು ಗೆರೆ ಎಳೆದವಳ ಮೇಜಿನ ಮೇಲೆ ಇಂಥ ತಾರೀಕನ್ನು ಇಟ್ಟಿದ್ದು ತನ್ನದೇ ತಪ್ಪು ಎಂದು ಅವನಿಗೆ ಆಗ ಅರಿವಾಯಿತು. ಪೆಟ್ಟಿಗೆ ಒಂದೇ ರಾತ್ರಿಯಲ್ಲಿ ಒಂಬತ್ತು ವರ್ಷ ಎಣಿಸಿ ಬೀಗ ಹಾಕಿಕೊಂಡಿತ್ತು.

“ಪರದೆ ಮೇಲೆ ಏನೋ ಇಂಗ್ಲಿಷಲ್ಲಿ ಬರ್ತಿದೆ, ಓದ್ಲಾ?” ಎಂದಳು ಅಕ್ಕ.

“ಬೇಡ! ಏನೂ ಓದ್ಬೇಡ ಅಕ್ಕ, ಈಗ್ಲೇ ಬಂದೆ.”

ಓದಬೇಡ ಎಂದರೆ ಬಿಡುವ ಮೇಷ್ಟರು ಯಾರಿದ್ದಾರೆ? ಅವನು ಏದುಸಿರು ಬಿಡುತ್ತ ಶಾಲೆ ಮುಟ್ಟುವ ಹೊತ್ತಿಗೆ ಪರೀಕ್ಷೆಯ ಅವಧಿ ಮುಗಿದಿದೆ, ಲೈಸೆನ್ಸ್ ಇಲ್ಲ ಎಂಬ ಆ ಸಾಲನ್ನು ಅವಳು ನಾಲ್ಕು ಸಲ ಓದಿದ್ದಳು. ಅವನು ಗಡಿಬಿಡಿಯಲ್ಲಿ ಹಳದಿ ಬಟ್ಟೆ ತೆಗೆದು ಒರೆಸತೊಡಗಿದ. ಅವಳು ಕುರ್ಚಿ ಎಳೆದು ಪಕ್ಕದಲ್ಲೇ ಕೂತಳು. ಬೇರೆ ದಾರಿಯಿಲ್ಲದೆ ಲ್ಯಾಪ್‌ಟಾಪ್ ಬಿಚ್ಚಿದ, ಬೆರಳುಗಳು ಅಭ್ಯಾಸಬಲದಿಂದ ಆಗಸ್ಟ್ ಒಂದು ಎಂದು ಒತ್ತಿದವು. ಮರುಕ್ಷಣ ಶಾಲೆಯ ಅಷ್ಟೂ ಕೋಣೆಗಳಲ್ಲಿ ಫೋನುಗಳು ಕಣ್ಣು ಬಿಟ್ಟವು.

“ರಜಾ ಚೀಟೀಲಿ ತಾರೀಕು ತಿದ್ದೋ ಹುಡುಗರನ್ನ ನೂರಾರು ಜನ ನೋಡಿದೀನಿ,” ಎಂದಳು ಅಕ್ಕ ಮೆಲ್ಲಗೆ. “ನನ್ನ ಮನೇಲೇ ಒಬ್ಬ ಇದಾನೆ ಅಂತ ಗೊತ್ತಿರ್ಲಿಲ್ಲ. ಎಷ್ಟು ಕಡೆ ಹೀಗೆ?”

ಸುಳ್ಳು ಹೇಳಲು ಬಾಯಿ ತೆರೆದ. ಅವಳ ಮುಖ ನೋಡಿ ಆಗಲಿಲ್ಲ. “ಎಲ್ಲ ಕಡೆ” ಎಂದ.

ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಪ್ರವೇಶದ ಗದ್ದಲ ಮುಗಿದ ಮೇಲೆ ಕೊಡೆ ಕೈಗೆ ತೆಗೆದುಕೊಂಡು ಎದ್ದಳು. “ಹನ್ನೊಂದು ಕಡೆ ನನ್ನ ಮಾತು ಕೊಟ್ಟಿದೀನಿ, ಅದನ್ನ ವಾಪಸ್ ತಗೊಳ್ಳೋಕೆ ಹೋಗ್ತಿದೀನಿ. ನೀನು ಆ ಚೀಲ ಹಿಡ್ಕೊಂಡು ನನ್ನ ಹಿಂದೆ ಬಾ.”

ಮೊದಲು ಕನ್ನಡಕದ ಅಂಗಡಿ. ಯಜಮಾನರು ತಮ್ಮ ಹಳೆಯ ಟೀಚರನ್ನು ಕಂಡು ಎದ್ದು ನಿಂತರು. ಅಕ್ಕ ಪೀಠಿಕೆಯಿಲ್ಲದೆ ಹೇಳಿದಳು: “ನನ್ನ ತಮ್ಮ ನಿಮಗೆ ಟೋಪಿ ಹಾಕಿದಾನೆ. ಈ ಫೋನಿಗೆ ಲೈಸೆನ್ಸ್ ಇಲ್ಲ. ತಿಂಗಳು ತಿಂಗಳು ಬಂದು ತಾರೀಕು ತಿರುಗಿಸಿ ಹೋಗ್ತಿದ್ದ. ತಪ್ಪು ನನ್ನದು, ನಾನು ಹೇಳಿದ್ದಕ್ಕೆ ನೀವು ಕೊಂಡ್ರಿ.”

ಸಾಹುಕಾರ ನೆಲ ನೋಡುತ್ತ ನಿಂತ. ಯಜಮಾನರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ಅಂದ್ರೆ... ಇನ್ಮೇಲೆ ತಿಂಗಳು ತಿಂಗಳು ಬರಲ್ವಾ?”

“ನಾನು ಹೇಳಿದ್ದು ಅರ್ಥ ಆಯ್ತಾ ನಿಮಗೆ?”

“ಆಯ್ತು ಟೀಚರ್. ಇದಕ್ಕೆ ಮೊದಲು ನಮ್ಮ ಹತ್ರ ಲೈಸೆನ್ಸ್ ಇರೋ ಹೊಸ ಫೋನಿತ್ತು. ಅದು ಕೆಟ್ಟು ಎರಡು ವರ್ಷ ಕಂಪನಿಯವರು ಈ ಕಡೆ ತಲೆ ಹಾಕ್ಲಿಲ್ಲ. ಇವ್ರು ಒಂದು ತಿಂಗಳೂ ತಪ್ಪಿಸಿಲ್ಲ. ಲೈಸೆನ್ಸ್ ಮಾಡಿಸಿಬಿಟ್ರೆ ಇವ್ರೂ ಬರೋದು ನಿಲ್ಲಿಸ್ತಾರೆ. ಹೀಗೇ ಇದ್ದುಬಿಡ್ಲಿ.”

ಎರಡನೆಯವರೂ ಹಾಗೇ ಅಂದರು, ಮೂರನೆಯವರೂ. ಏಳನೆಯವರಂತೂ ಸ್ಪಿರಿಟ್ ಬಾಟಲಿ ನೋಡಿ, “ಹೇಗೂ ಬಂದಿದೀರಲ್ಲ, ಆ ಮೂಲೆ ಫೋನ್ ಸ್ವಲ್ಪ ನೋಡಿ” ಎಂದು ಅವನನ್ನು ಕೆಲಸಕ್ಕೇ ಹಚ್ಚಿದರು. ಅಕ್ಕ ಕೊಡೆ ಊರಿಕೊಂಡು ಕಾಯಬೇಕಾಯಿತು. ಸಿಟ್ಟಿಗೆ ಅವಳ ಮುಖ ಕೆಂಪಾಗಿತ್ತು. ಮೋಸ ಹೋದವರೆಂದು ಒಬ್ಬರಾದರೂ ಕೂಗಾಡಬಾರದೇ! ಕೊಟ್ಟ ಮಾತನ್ನು ವಾಪಸ್ ಪಡೆಯಲು ಹೊರಟವಳಿಗೆ ಅದನ್ನು ಹಿಂದಿರುಗಿಸುವವರು ಊರಲ್ಲಿ ಒಬ್ಬರೂ ಸಿಗಲಿಲ್ಲ.

ಹಿಂದೆ ಬರುತ್ತಿದ್ದ ಸಾಹುಕಾರನ ಬೆನ್ನು ಮಾತ್ರ ಪ್ರತಿ ಅಂಗಡಿಗೂ ಸ್ವಲ್ಪ ನೆಟ್ಟಗಾಗುತ್ತ ಹೋಯಿತು. ಹನ್ನೊಂದನೆಯದು ಮುಗಿಸಿ ರಸ್ತೆಗಿಳಿದಾಗ ಅವನ ಬಾಯಿಂದ ಬಂದೇಬಿಟ್ಟಿತು: “ನೋಡಿದ್ಯಾ ಅಕ್ಕ, ಯಾರಿಗೂ ಬೇಜಾರಿಲ್ಲ.”

“ನನಗಿದೆ,” ಎಂದಳು ಅಕ್ಕ. ಅಷ್ಟೇ ಹೇಳಿ ಶಾಲೆಯ ಕಡೆ ಹೋದಳು, ಹಿಂದಿರುಗಿ ನೋಡಲಿಲ್ಲ. ಅವನು ಚೀಲ ಹಿಡಿದು ಅಲ್ಲೇ ನಿಂತ. ಹನ್ನೊಂದು ಜನರ ಮನ್ನಣೆಯಿಂದ ತುಂಬಿದ್ದ ಎದೆ ಆ ಒಂದು ಮಾತಿಗೆ ಬರಿದಾಯಿತು.

ಅಕ್ಕ ತನ್ನ ಶಾಲೆಗೆ ಲೈಸೆನ್ಸ್ ಮಾಡಿಸಿದಳು. ಆ ಪೆಟ್ಟಿಗೆಯ ತಲೆಮರೆಸಿಕೊಂಡಿದ್ದ ಹಳೆಯ ಮಾಲೀಕನನ್ನು ಹುಡುಕಿ ಒಪ್ಪಿಗೆ ಪತ್ರವನ್ನೂ ತರಿಸಿದಳು. ಅವಳು ಕೇಳಿದರೆ ದಿವಾಳಿಯೆದ್ದವನೂ ಸಹಿ ಹಾಕುತ್ತಾನೆ. ಕಂಪನಿಯವನು ಒಂದು ದಿನ ಬಂದು, ಯಾರ ಮುಖವನ್ನೂ ನೋಡದೆ ಏನೋ ಒತ್ತಿ ಹೋದ, ಮತ್ತೆ ಬರಲಿಲ್ಲ. ಪರದೆಯ ತಾರೀಕನ್ನು ಅಕ್ಕ ತಾನೇ ಮತ್ತೆ ಸರಿ ಮಾಡಿದಳು.

ಅಡುಗೆಕೋಣೆಯ ಕ್ಯಾಲೆಂಡರಿನಲ್ಲಿ ಶಾಲೆಯ ಕೆಂಪು ಸೊನ್ನೆ ಬಂತು. ಹೋಗುವ ಕೆಲಸವಿರಲಿಲ್ಲ. ಆದರೂ ಸಾಹುಕಾರ ಇಸ್ತ್ರಿ ಅಂಗಿ ಹಾಕಿಕೊಂಡು ಚೀಲ ಹೆಗಲಿಗೇರಿಸಿ ಹೋದ. ಅಕ್ಕ ಮುಂಬಾಗಿಲ ಮೇಜಿನ ಹತ್ತಿರವೇ ಇದ್ದಳು.

“ಏನು ಬಂದೆ?”

“ಧೂಳು ಇರುತ್ತಲ್ಲ ಅಕ್ಕ.”

ಬಾಗಿಲಿಗೆ ಬರಬೇಡ ಎಂಬ ಮಾತು ಈಗ ಬೀಳುತ್ತದೆ ಎಂದುಕೊಂಡು ಅವನು ಹಳದಿ ಬಟ್ಟೆಯನ್ನು ಚೀಲದಿಂದ ಅರ್ಧ ಎಳೆದು ನಿಂತ.

“ಪೆಟ್ಟಿಗೆಗೆ ಲೈಸೆನ್ಸ್ ಪರ್ಮನೆಂಟ್ ಆಯ್ತು,” ಎಂದಳು ಅಕ್ಕ. “ನಿನಗೆ ಮೂವತ್ತು ದಿನ. ಅದು ಮುಗಿದ ಮೇಲೆ ಬಂದು ಮತ್ತೆ ಕೇಳು, ಇನ್ನೊಂದು ಮೂವತ್ತು ಕೊಡ್ಬೇಕೋ ಬೇಡ್ವೋ ಅವತ್ತು ಯೋಚಿಸ್ತೀನಿ.”

ಹಾಗೆಂದು ಬಂದುಹೋಗುವವರ ಪುಸ್ತಕವನ್ನು ಅವನ ಮುಂದೆ ಸರಿಸಿದಳು. ಈ ಶಾಲೆಯಲ್ಲಿ ಅವನಿಗೆ ಯಾರೂ ಎಂದೂ ಆ ಪುಸ್ತಕ ತೋರಿಸಿರಲಿಲ್ಲ; ಮುಖ್ಯೋಪಾಧ್ಯಾಯಿನಿಯ ತಮ್ಮ ಸೀದಾ ಒಳಗೆ ಹೋಗುವವನು. ಅವನು ಸಹಿ ಹಾಕಿದ. ಪಕ್ಕದಲ್ಲಿ ತಾರೀಕು ಬರೆಯಬೇಕಿತ್ತು. ಬೆಳಿಗ್ಗೆ ಕ್ಯಾಲೆಂಡರ್ ನೋಡಿಯೇ ಹೊರಟಿದ್ದರೂ ಬೆರಳಿಗೆ ಬಂದದ್ದು ಆಗಸ್ಟ್ ಒಂದು ಮಾತ್ರ. ಪೆನ್ನು ಹಿಡಿದು, ಮೇಜಿನ ಮೇಲಿನ ಫೋನಿನ ಪುಟ್ಟ ಪರದೆಯನ್ನು ನೋಡಿ, ಅಲ್ಲಿದ್ದ ತಾರೀಕನ್ನು ಹಾಗೇ ನಕಲು ಮಾಡಿದ.