ಕೆಟ್ಟ ಹೊಲಿಗೆ ಬಾರದ ಜುಲ್ಮಾ

ಫ್ರೆಂಚ್ ಪಟ್ಟಣ ರೂಬೆಯ ಉಣ್ಣೆ ಗಿರಣಿಯಲ್ಲಿ ಬಟ್ಟೆಯ ತಪ್ಪು ಹುಡುಕುವುದೇ ಜುಲ್ಮಾಳ ಕಸುಬು. ಮಗ್ಗದಿಂದ ಇಳಿದ ಬಟ್ಟೆಯನ್ನು ಬೆಳಕಿಗೆ ಹರಡಿ, ಎಳೆ ಎಲ್ಲಿ ತಪ್ಪಿದೆ, ಗಂಟು ಎಲ್ಲಿ ಉಳಿದಿದೆ ಎಂದು ಬೆರಳಲ್ಲೇ ತಡವಿ ತಿಳಿದು, ಸೂಜಿಯಿಂದ ಸರಿಪಡಿಸಬೇಕು. ಮೂವತ್ತೊಂದು ವರ್ಷ ಇದನ್ನೇ ಮಾಡಿದ ಬೆರಳುಗಳಿಗೆ ಕೆಲಸ ಮುಗಿಯಿತೆಂಬುದೇ ಗೊತ್ತಾಗುತ್ತಿರಲಿಲ್ಲ. ಇಗರ್ಜಿಯಲ್ಲಿ ಮುಂದೆ ಕೂತವಳ ಶಾಲಿನ ಬಿಟ್ಟ ಎಳೆಯನ್ನು ಒಳಕ್ಕೆ ಸೇರಿಸಲು ಹೋಗಿ ಪಾದ್ರಿಯಿಂದ ಬೈಸಿಕೊಂಡಿದ್ದಳು. "ನನ್ನನ್ನೂ ಒಂದ್ಸಲ ರಿಪೇರಿ ಮಾಡೇ" ಎಂದು ಗಂಡ ಬದುಕಿದ್ದಾಗ ಛೇಡಿಸಿದರೆ, "ನಿಂದು ನೇಯ್ದೋನದೇ ತಪ್ಪು" ಎನ್ನುತ್ತಿದ್ದಳು.

೧೯೧೪ರಲ್ಲಿ, ಯುದ್ಧದ ಮೊದಲ ಶರತ್ಕಾಲದಲ್ಲೇ, ಜರ್ಮನ್ನರು ಬಂದರು. ಗಿರಣಿಗಳ ತಾಮ್ರ, ಯಂತ್ರದ ಪಟ್ಟಿ, ಉಣ್ಣೆ ಎಲ್ಲ ರೈಲು ಹತ್ತಿದವು. ಜುಲ್ಮಾಳ ವಠಾರಕ್ಕೆ ಉಳಿದದ್ದು ಒಂದು ಕೈಪಂಪು, ಹಂಚಿಕೆಯ ಕರಿ ಬ್ರೆಡ್ಡು, ಕಾಫಿಯ ಬದಲಿಗೆ ಚಿಕೋರಿ ನೀರು, ಒಂದಿಷ್ಟು ಬಾಯಿಮಾತು. ಗಾಳಿ ಬೀಸಿದಾಗ ತೋಪಿನ ಸದ್ದು. ಆ ಸದ್ದಿನಾಚೆ, ಫ್ರೆಂಚ್ ಸೇನೆಯಲ್ಲಿ, ಜುಲ್ಮಾಳ ಒಬ್ಬನೇ ಮಗ ಅಶಿಲ್ ಇದ್ದ. ಎಂಟು ತಿಂಗಳಿಂದ ಕಾಗದವಿಲ್ಲ.

ಜೂನ್‌ನಲ್ಲಿ ಹೆಂಗಸರು ಚೀಲ ಹೊಲಿಯಬೇಕೆಂದು ಗೋಡೆಗೋಡೆಗೂ ಹುಕುಂ ಅಂಟಿತು.

"ಗೋಧಿ ತುಂಬೋಕಂತೆ," ಪಂಪಿನ ಬಳಿ ಪಕ್ಕದ ಮನೆಯ ಫಿಲೊಮೆನ್ ಹೇಳಿದಳು. "ಗೋಧಿ ಎಲ್ಲಿದೆ ಅಂದ್ರೆ ಮಾತ್ರ ಹೇಳಲ್ಲ."

"ಮರಳು ತುಂಬ್ತಾರೆ," ಎಂದಳು ಜುಲ್ಮಾ. "ಅದರ ಹಿಂದೆ ಕೂತು ನಮ್ಮ ಹುಡುಗರಿಗೆ ಗುಂಡು ಹೊಡೀತಾರೆ."

"ಅದಕ್ಕೇ ಕೇಳು. ಹೊಲಿಯೋಣ, ಆದ್ರೆ ಗಂಟು ಹಾಕೋದು ಬೇಡ. ತುಂಬಿದ ತಕ್ಷಣ ಚೀಲ ಬಾಯಿ ಬಿಡ್ಬೇಕು. ಕೇಳಿದ್ರೆ, ದಾರ ಕೊಳೆತಿದೆ ಅನ್ನೋಣ. ಎಲ್ಲರದೂ ಒಂದೇ ಮಾತು. ನಿನ್ನ ಕೈಲಿ ಆಗುತ್ತೇನೇ?"

"ಕೆಟ್ಟದಾಗಿ ಹೊಲಿಯೋಕೆ ಯಾರಾದ್ರೂ ಕಲಿಸ್ಬೇಕಾ?"

ಕಲಿಸಬೇಕಿತ್ತು.

ಖಾಲಿ ಗಿರಣಿಯ ಕೋಣೆಯಲ್ಲಿ ಹನ್ನೆರಡು ಮಂದಿ ಹೊಲಿಯಲು ಕೂತರು. ಮೂರನೇ ದಿನ, ಮೀಸೆ ನರೆತ ಜರ್ಮನ್ ಹವಾಲ್ದಾರ ಬಂದು ಒಂದೊಂದೇ ಚೀಲವನ್ನು ಮೊಣಕಾಲಿಗೆ ಆನಿಸಿ ಎಳೆದ. ಫಿಲೊಮೆನ್‌ಳದು ಬಿರಿಯಿತು. ಪಕ್ಕದವಳದೂ ಬಿರಿಯಿತು.

"ದಾರ ಕೊಳೆತಿದೆ ಸಾಹೇಬ್ರೆ," ಎಂದರು ಎಲ್ಲರೂ.

ಜುಲ್ಮಾಳ ಚೀಲವನ್ನು ಎಳೆದ. ಬಿರಿಯಲಿಲ್ಲ. ಕಾಲಿಟ್ಟು ಎಳೆದ. ಆಗಲೂ ಇಲ್ಲ. ತಾನು ದಾರದ ತುದಿಯನ್ನು ಗಂಟು ಹಾಕದೆ ಬಿಟ್ಟದ್ದು ಜುಲ್ಮಾಗೆ ಚೆನ್ನಾಗಿ ನೆನಪಿತ್ತು. ಅವಳು ಅಶಿಲ್‌ನನ್ನು ನೆನೆಯುತ್ತ ಕೂತಾಗ, ಬೆರಳುಗಳು ತಾವಾಗಿಯೇ ಹಿಂದಕ್ಕೆ ಹೋಗಿ ಎರಡೆರಡು ಗಂಟು ಬಿಗಿದಿದ್ದವು.

"ಇದೂ ಅದೇ ದಾರ ಅಲ್ವಾ?" ಎಂದ ಹವಾಲ್ದಾರ.

ಅಲ್ಲೇ ಶಿಕ್ಷೆ ವಿಧಿಸಿದ. ಉಳಿದ ಹನ್ನೊಂದು ಮಂದಿಗೆ ನಾಲ್ಕು ದಿನ ಬ್ರೆಡ್ಡಿಲ್ಲ. ನಾಳೆಯಿಂದ ಜುಲ್ಮಾ ಅವರಿಗೆ ಹೊಲಿಗೆ ಕಲಿಸಬೇಕು.

"ನಿನ್ನ ಕೈಗಿಷ್ಟು ಬೆಂಕಿ ಹಾಕ!" ಬೀದಿಯಲ್ಲೇ ಫಿಲೊಮೆನ್ ಸಿಡಿದಳು. "ನಾಲ್ಕು ದಿನ ಮಕ್ಕಳಿಗೆ ನಿನ್ನ ಗಂಟು ಬೇಯಿಸಿ ಹಾಕ್ಲಾ?"

"ನಾನು ಹಾಕ್ಲಿಲ್ಲ ಕಣೆ, ಅದೇ ಬಿತ್ತು."

"ಹಂಗಾದ್ರೆ ನಾಳೆ ಬರುವಾಗ ಕೈ ಮನೇಲಿಟ್ಟು ಬಾ."

ಮರುದಿನ ಜುಲ್ಮಾ ಸೂಜಿ ಮುಟ್ಟಲಿಲ್ಲ. ನಂಬಲಾಗದ ಎರಡು ಕೈಗಳನ್ನೂ ಕಂಕುಳಲ್ಲಿ ಒತ್ತಿಕೊಂಡು ಕೂತಳು.

"ಕಲಿಸು," ಎಂದ ಹವಾಲ್ದಾರ.

"ಕಲಿಸಲ್ಲ. ಹೊಲಿಯೋದೂ ಇಲ್ಲ. ನನ್ನ ಮಗ ಆ ಕಡೆ ಇದ್ದಾನೆ."

"ನನ್ನ ಮಗ ಈ ಕಡೆ ಇದ್ದಾನೆ," ಎಂದ ಹವಾಲ್ದಾರ, ತನ್ನ ಮುರುಕು ಫ್ರೆಂಚಿನಲ್ಲಿ.

ಜುಲ್ಮಾ ಕೈ ಹೊರಗೆ ತೆಗೆಯಲಿಲ್ಲ. ಅವಳನ್ನು ಗಿರಣಿಯವರು ಉಣ್ಣೆಗೆ ಬಣ್ಣ ಹಾಕುತ್ತಿದ್ದ ನೆಲಮಾಳಿಗೆಗೆ ತಳ್ಳಿದರು.

ಮಧ್ಯಾಹ್ನ ಬಾಗಿಲು ತೆರೆದು ಫಿಲೊಮೆನ್‌ಳನ್ನೂ ನೂಕಿದರು.

"ನೀನೂನಾ?"

"ಇನ್ನೇನ್ ಮಾಡ್ಲಿ? ದಾರದ ಸುಳ್ಳು ನಡೆಯಲ್ಲ. ನಿನ್ನ ಹಾಗೆ ಹೊಲಿಯೋಕೆ ಮನಸ್ಸು ಬರಲ್ಲ."

"ಮಕ್ಕಳು?"

"ಅಕ್ಕನ ಮನೇಲಿ. ಮಾತಾಡಿಸ್ಬೇಡ ನನ್ನ." ಅವಳು ದೂರದ ಗೋಡೆಗೆ ಒರಗಿ ಕೂತಳು.

ಮೆಟ್ಟಿಲ ಮೇಲೆ ಬೂಟಿನ ಸದ್ದಾದಾಗಲೆಲ್ಲ ಇಬ್ಬರೂ ತಲೆಯೆತ್ತುತ್ತಿದ್ದರು. ಸಂಜೆಯೊಳಗೆ ಇನ್ನೂ ಮೂವರು ಬಂದರು. ಮಿಕ್ಕ ಏಳು ಮಂದಿ ಮೇಲೆ ಹೊಲಿಯುತ್ತಲೇ ಇದ್ದರು, ಈಗ ಗಂಟು ಹಾಕಿ.