ಜೋಗಿ ಮಾಮನ ಕೆಮ್ಮು, ನಂಜನ ಸ್ಲೇಟು

ಜೋಗಿ ಮಾಮನ ಕೆಮ್ಮು ಈಗಲೂ ನನ್ನ ಹತ್ತಿರ ಇದೆ. ಮೊದಲು ಗಂಟಲಲ್ಲಿ ಜಲ್ಲಿ ಜಾರಿದ ಹಾಗೆ ಎರಡು ಸಣ್ಣವು, ಆಮೇಲೆ ಲಾರಿ ಮಣ್ಣು ಸುರಿದ ಹಾಗೆ ಒಂದು ದೊಡ್ಡದು, ಕೊನೆಗೆ ಮೂಗಿನಲ್ಲೊಂದು ತಿರಸ್ಕಾರದ ‘ಹ್ಞುಂ’. ಊಟಿ ಬಸ್ಸಿನಲ್ಲಿ ನಾನು ಅದನ್ನು ಕೆಮ್ಮಿದರೆ ಮುಂದಿನ ಸೀಟಿನ ಹೆಂಗಸರು ಗಾಬರಿಯಿಂದ ನೆಟ್ಟಗೆ ಕೂರುತ್ತಿದ್ದರು. ಈ ಅಣಕದ ವಿದ್ಯೆಯನ್ನು ನಂಬಿಕೊಂಡು ಒಂದು ಸಾವಿನಲ್ಲಿ ಬಾಯಿ ಹಾಕಿದೆ. ಪೆದ್ದತನ ನನ್ನದೇ ಎಂದು ಮೊದಲೇ ಹೇಳಿಬಿಡುತ್ತೇನೆ. ಕೊನೆಯಲ್ಲಿ ಹೇಳಲು ಮಾಮ ನನಗೆ ಏನನ್ನೂ ಉಳಿಸಿಲ್ಲ.

ಊಟಿ ಬೆಟ್ಟದ ತುಮ್ಮನಟ್ಟಿ ಕಡೆಯ ನಮ್ಮ ಬಡಗರ ಹಟ್ಟಿಯಲ್ಲಿ ಯಾರಾದರೂ ತೀರಿಕೊಂಡರೆ ಬಯಲಲ್ಲಿ ಹೆಣವಿಟ್ಟು, ಹಿರಿಯನೊಬ್ಬ ಅವರ ಪಾಪಗಳನ್ನು ರಾಗವಾಗಿ ಹೇಳಬೇಕು. ಕಾಲುವೆ ತಿರುಗಿಸಿದ್ದು, ಪಕ್ಕದ ಮನೆಗೆ ಜಗಳ ಹಚ್ಚಿದ್ದು, ಕರೆಯುವ ಹಸುವಿಗೆ ಒದ್ದದ್ದು. ಮಾಡಿರಲಿ ಬಿಡಲಿ, ಎಲ್ಲರಿಗೂ ಅದೇ ಪಟ್ಟಿ. ಪ್ರತಿ ಸಾಲಿಗೂ ಜನ ‘ಅದು ಪಾಪ’ ಎನ್ನುತ್ತಾರೆ. ಎಲ್ಲ ಮುಗಿದ ಮೇಲೆ, ಇವರಿಗೆ ಆ ಲೋಕದ ಬಾಗಿಲು ತೆರೆಯಲಿ ಎಂದು ಕೇಳುವ ಸಾಲು. ಅದನ್ನು ಕೇಳಿದ ಮೇಲೆಯೇ ಹೆಣ ಎತ್ತುವುದು.

ಈ ಕೆಲಸ ಜೋಗಿ ಮಾಮನದು. ಸತ್ತವರಿಗೆ ಹಾಡಿ ಹಾಡಿ ಅಭ್ಯಾಸವಾಗಿ, ಬದುಕಿದ್ದವರನ್ನೂ ಅವರು ಬಿಡುತ್ತಿರಲಿಲ್ಲ. (ಅವರದು ಬಡಗ ಮಾತು, ನಿಮಗೆ ತಿಳಿಯಲೆಂದು ಸ್ವಲ್ಪ ತಿದ್ದಿದ್ದೇನೆ. ಕೇಳಿದ್ದರೆ ಅದಕ್ಕೂ ಬೈಯುತ್ತಿದ್ದರು.) ಪರೀಕ್ಷೆಯಲ್ಲಿ ಮತ್ತೆ ಮತ್ತೆ ಡುಮ್ಕಿ ಹೊಡೆದ ಹುಡುಗನನ್ನು ಅವನ ಅಪ್ಪನ ಎದುರೇ ನೋಡಿ, “ಕ್ಯಾರೆಟ್ ಆದ್ರೆ ಜುಟ್ಟು ಹಿಡಿದು ಎಳೆದ್ರೆ ಏನಾರ ಬಂದೀತು, ಇವನ ಎಳೆದ್ರೆ ಬರೀ ಜುಟ್ಟು” ಎಂದಿದ್ದರು. ಟೀ ಅಂಗಡಿಯಲ್ಲಿ ನೆಂಟನೊಬ್ಬ ತನ್ನ ಸರದಿ ಬಂದಾಗ ಚೆನ್ನಾಗಿ ಹಾಡಬೇಕು ಎಂದು ತಮಾಷೆ ಮಾಡಿದಾಗ ಅವನನ್ನು ಕಾಲಿನಿಂದ ತಲೆವರೆಗೆ ಅಳೆದು, “ನಿನ್ನದು ಬೇಗ ಮುಗಿಯಾಕಿಲ್ಲೆ. ಬೇಸಿಗೆಲಿ ಸಾಯಿ, ಹಗಲು ದೊಡ್ಡದು” ಎಂದರು. ನನಗಂತೂ ದಿನವೂ ಪ್ರಸಾದ ಇತ್ತು. “ಇವನ ಮೊಗದಲ್ಲಿ ಇವಂದು ಅಂತ ಒಂದೂ ಇಲ್ಲೆ, ಎಲ್ಲ ಕಡ ತಂದದ್ದು.” ನಾನು ಅದನ್ನೂ ಅವರ ದನಿಯಲ್ಲೇ ಊರೆಲ್ಲ ಹೇಳಿಕೊಂಡು ಬಂದೆ.

ವಯಸ್ಸಾದಂತೆ ಮಾಮನ ನೆನಪು ಜಾರತೊಡಗಿತು. ಪಾಪಗಳೆಲ್ಲ ಸರಿಯಾಗಿ ಬರುತ್ತಿದ್ದವು; ಬಾಗಿಲಿನ ಸಾಲು ಮಾತ್ರ ಹಾರಿಹೋಗುತ್ತಿತ್ತು. ಮೊದಲು ಯಾರೂ ಗಮನಿಸಲಿಲ್ಲ. ಆಮೇಲೆ ಒಬ್ಬ ಮಗಳು ನಲ್ಲಿಯ ಹತ್ತಿರ ಕೊಡ ಕುಕ್ಕಿ, ತನ್ನ ಅವ್ವನನ್ನು ಈ ಮುದುಕ ಹೊರಗೇ ನಿಲ್ಲಿಸಿದ ಎಂದು ಅತ್ತಳು. ಮಾತು ಮಾಮನ ಅಕ್ಕ ಮಾದಿಗೂ ತಲುಪಿತು. ಆಕೆ ತಮ್ಮನ ಮನೆಯಲ್ಲೇ ಹಾಸಿಗೆ ಹಿಡಿದಿದ್ದಳು. ನನ್ನೆದುರಿಗೇ ಅವರ ಕೈ ಹಿಡಿದು, “ಜೋಗಿ, ಎನ್ನ ಹೊರಗೆ ನಿಲ್ಲಿಸಬ್ಯಾಡ” ಎಂದಳು. ಮಾಮ ಕೆಮ್ಮಿ, ಅವಳ ಕಂಬಳಿ ಎಳೆದು ಹೊದಿಸಿದರು.

ಆಗ ನನ್ನ ಚಿಕ್ಕಪ್ಪನ ಮಗ ನಂಜ ಕೊಯಮತ್ತೂರಿನ ಆಫೀಸಿನಿಂದ ಒಂದು ಟ್ಯಾಬ್ಲೆಟ್ ಕಂಪ್ಯೂಟರ್ ತಂದ, ಹಟ್ಟಿಯ ಬಾಯಲ್ಲಿ ಅದು ಸ್ಲೇಟು. ಇವತ್ತಿನ ತೆಳುವಾದದ್ದಲ್ಲ, ಮಣೆಯ ತೂಕ, ಬೆರಳಿಗೆ ಮಣಿಯದು, ಅದರದ್ದೇ ಪೆನ್ನು ಬೇಕು. ಹಾಡನ್ನು ಇದರಲ್ಲಿ ಬರೆದಿಟ್ಟುಕೊಳ್ಳಿ ಎಂದು ನಂಜ ಅದರ ಗುಣಗಾನ ಮಾಡಿದ: ಕಾಗದದ ಅಕ್ಷರ ಕಾಣದ ಕಣ್ಣಿಗೆ ಕುಂಬಳಕಾಯಿ ಗಾತ್ರ ಮಾಡಬಹುದು, ಗಾಳಿಗೆ ಹಾಳೆ ಹಾರುವುದಿಲ್ಲ, ಬರೆದದ್ದು ಅಳಿಯುವುದಿಲ್ಲ. ಮಾಮ ಅದನ್ನು ತಿರುಗಿಸಿ ನೋಡಿ ದೋಷ ಹೇಳಿದರು. ಇದಕ್ಕೆ ಕರೆಂಟು ಉಣಿಸಬೇಕು, ನಮ್ಮ ಹಟ್ಟಿಯ ಕರೆಂಟು ಮದುವೆಯಾದ ಮಗಳ ಹಾಗೆ, ಬಂದರೆ ಬಂತು. “ಮತ್ತೆ, ಇದರೊಳಗೆ ಇಟ್ಟ ಮೇಲೆ ತಲೆಯೊಳಗೆ ಯಾಕೆ ನಿಲ್ಲುತ್ತೆ?” ಆದರೂ ಒಪ್ಪಿದರು. ಅಕ್ಕನ ಹೆದರಿಕೆ ಅವರಿಗೆ ನಂಜನ ಮಾತಿಗಿಂತ ದೊಡ್ಡದಿತ್ತು.

ಒಲೆಯ ಪಕ್ಕ ಕೂತು ಅವರು ನಿಧಾನವಾಗಿ ಹೇಳಿದರು, ನಾನು ಪೆನ್ನಿನಿಂದ ಬರೆದೆ. ಮಾಮನಿಗೆ ಬರುತ್ತಿದ್ದದ್ದು ತಮಿಳು ಅಕ್ಷರ, ಹಾಗಾಗಿ ಬಡಗ ಮಾತು, ತಮಿಳು ಲಿಪಿ, ನನ್ನ ಕೋಳಿಕಾಲು ಬರಹ. ಆ ನೆಮ್ಮದಿಯಲ್ಲಿ ಬಾಗಿಲಿನ ಸಾಲೂ ನೆನಪಾಯಿತು. ಅದನ್ನು ಬರೆದವನು ನಾನೇ.

ಮಾದಿ ಅಕ್ಕ ಸತ್ತ ದಿನ ಹಿಮ ಕರಗಿ ಕಣ್ಣು ಕುಕ್ಕುವ ಬಿಸಿಲು. ಮಾಮ ಹೆಣದ ತಲೆಯ ಕಡೆ ನಿಂತರು. ಕ್ಷೌರದಂಗಡಿಯವನು ಕನ್ನಡಿ ಹಿಡಿದ ಹಾಗೆ ನಾನು ಸ್ಲೇಟು ಹಿಡಿದೆ. ನಿಜಕ್ಕೂ ಕನ್ನಡಿಯೇ ಆಯಿತು: ಆ ಬಿಸಿಲಿನಲ್ಲಿ ಅಕ್ಷರ ಇರಬೇಕಾದ ಕಡೆ ಮಾಮನ ಮುಖ, ಹಿಂದೆ ಆಕಾಶ. ಸ್ಲೇಟು ಇಲ್ಲದಿದ್ದರೆ ಅವರು ಕಣ್ಣು ಮುಚ್ಚಿ ಹೇಳಿಕೊಂಡು ಹೋಗುತ್ತಿದ್ದರೇನೋ. ಪಟ್ಟಿಯ ಅರ್ಧದಲ್ಲಿ ಒಮ್ಮೆ ಅದರೊಳಗೆ ಇಣುಕಿದರು, ತಮ್ಮನ್ನೇ ಕಂಡರು, ನಿಂತುಬಿಟ್ಟರು. ನಂಜ ಕೊಡೆ ಹಿಡಿದು ನೆರಳು ಮಾಡುವಷ್ಟರಲ್ಲಿ ಸ್ಲೇಟು ನಿದ್ದೆ ಹೋಗಿ ಕಪ್ಪಾಯಿತು. ಎಬ್ಬಿಸಲು ಪೆನ್ನು ಬೇಕು. ಪೆನ್ನನ್ನು ನಾನು ಒಲೆಯ ಪಕ್ಕ ಬಿಟ್ಟು ಬಂದಿದ್ದೆ.

ಊರೆಲ್ಲ ‘ಅದು ಪಾಪ’ವನ್ನು ಬಾಯಲ್ಲಿ ಇಟ್ಟುಕೊಂಡು ಕಾಯುತ್ತಿತ್ತು. ಆಗ ನನ್ನ ಬಾಯಿ ತೆರೆಯಿತು. ಮಾಮನದೇ ದನಿ, ಅದೇ ಎಳೆತ, ನಡುವೆ ಅದೇ ಕೆಮ್ಮು. ಒಬ್ಬರೂ ನಗಲಿಲ್ಲ, ‘ಅದು ಪಾಪ’ ಎಂದು ಬಯಲೇ ಗುಡುಗಿತು. ಜನ್ಮದಲ್ಲಿ ನನಗೆ ಅಂಥ ಸಭೆ ಸಿಕ್ಕಿರಲಿಲ್ಲ. ಕೊನೆಯ ಪಾಪ ಮುಗಿಸಿದಾಗ ಮಾಮ ನನ್ನ ಕಡೆ ಕೈ ಎತ್ತಿದರು. ಆಶೀರ್ವಾದ ಎಂದುಕೊಂಡು ತಲೆ ಬಾಗಿಸಿದೆ. ಮುಗಿಯಿತೆಂದು ತಿಳಿದು ಹುಡುಗರು ಹೆಣ ಎತ್ತಿದರು. ಮಾಮನ ಬಾಯಿ ಅಲುಗಿತು. ಮಾತು ಹೊರಡುವ ಮುಂಚೆ ಕೆಮ್ಮು ಬಂತು, ವಾದ್ಯದವರು ಬಾರಿಸತೊಡಗಿದರು.

ದಾರಿಯುದ್ದಕ್ಕೂ ಜನ ನನ್ನ ಬೆನ್ನು ತಟ್ಟಿ, ಇನ್ನು ಮೇಲೆ ನೀನೇ ಎಂದರು. ಉಬ್ಬಿಕೊಂಡು ಮಾಮನ ಮನೆಗೆ ಹೋದೆ. ಒಳಗೆ ನಂಜ ಪೆನ್ನು ಹುಡುಕಿ ಸ್ಲೇಟಿಗೆ ಮುಟ್ಟಿಸಿದ್ದ. ಅಡುಗೆಮನೆಯ ಕತ್ತಲಲ್ಲಿ ಸ್ಲೇಟು ಹೊಳೆಯುತ್ತಿತ್ತು. ಕೊನೆಯ ಪುಟದಲ್ಲಿ ಬಾಗಿಲಿನ ಸಾಲು, ನನ್ನದೇ ಕೋಳಿಕಾಲಿನಲ್ಲಿ. ಮಾಮ ಕೈ ಎತ್ತಿದ್ದು ಇದಕ್ಕೆ. ನಾನು ಕಲಿತದ್ದು ಮಾಮನ ನೆನಪು ಜಾರತೊಡಗಿದ ಮೇಲಿನ ಹಾಡನ್ನು. ಕೆಮ್ಮು ಸೇರಿಸಿ ಹೇಳಿದ್ದೆ, ಮರೆವನ್ನೂ ಸೇರಿಸಿ ಹೇಳಿದ್ದೆ.

ಮಾಮ ಮತ್ತೆ ಯಾರ ಸಾವಿನಲ್ಲೂ ಹಾಡಲಿಲ್ಲ. ಮುಂದಿನ ಮಳೆಗಾಲದಲ್ಲಿ ಅವರೇ ಹೋದಾಗ ಬೇರೆ ಹಟ್ಟಿಯಿಂದ ಒಬ್ಬರು ಬಂದು ಬಾಗಿಲಿನವರೆಗೂ ಹೇಳಿದರು. ನಾನು ಹಿಂದಿನ ಸಾಲಿನಲ್ಲಿ ನಿಂತು ‘ಅದು ಪಾಪ’ ಎಂದೆ, ಅಷ್ಟೇ. ನಂಜನ ಸ್ಲೇಟಿಗೂ ನನಗೂ ಮಾದಿ ಅಕ್ಕ ಸತ್ತ ಸಂಜೆಯೇ ತೀರ್ಪಾಗಿತ್ತು.

ಆ ಸಂಜೆ ಮಾಮ ಒಲೆಗೆ ಬೆನ್ನು ಹಾಕಿ ಕೂತಿದ್ದರು. ಏನಾದರೂ ಹೇಳಬೇಕಲ್ಲ, ಸ್ಲೇಟು ಕೈಕೊಟ್ಟಿತು ಮಾಮ, ಎಂದೆ. ಅವರು ಕೆಮ್ಮಲಿಲ್ಲ, ದನಿ ಎತ್ತಲೂ ಇಲ್ಲ.

“ಕಾಣದೆ ಹೋದಾಗ ಅದು ಕಪ್ಪಾಗಿ ಸುಮ್ಮ ಇತ್ತು. ನೀ ಸುಮ್ಮ ಇರಲಿಲ್ಲೆ.”