ಕಳ್ಳರಿಗೆಂದು ಇಟ್ಟದ್ದು

ಶವಾಗಾರಕ್ಕೆ ಬರುವವರಲ್ಲಿ ಎರಡು ಬಗೆ. ಮುಖ ನೋಡಿ ಹೋಗುವವರು ಒಂದು ಬಗೆ, ಮುಖ ನೋಡಿದ ಮೇಲೆ ಜೇಬು ನೋಡುವವರು ಇನ್ನೊಂದು. ಎರಡನೆಯವರೇನೂ ಕಟುಕರಲ್ಲ. ಬೀಗದ ಕೈ ಎಲ್ಲಿಟ್ಟಿದ್ದೇನೆಂದು ಹೇಳದೆ ಹೋದವನ ಮನೆಗೆ ಅವರು ಸಂಜೆ ಹಿಂದಿರುಗಬೇಕು, ಅಷ್ಟೆ. ಈಚಿನ ವರ್ಷಗಳಲ್ಲಿ ಅವರು ಸತ್ತವರ ಮೊಬೈಲನ್ನೂ ತರುತ್ತಾರೆ. ಬಿಳಿ ಬಟ್ಟೆಯ ಅಂಚಿನಿಂದ ಕೈಯೊಂದನ್ನು ಹೊರಗೆಳೆದು ಹೆಬ್ಬೆರಳನ್ನು ಗಾಜಿಗೆ ಒತ್ತಿ ನೋಡುತ್ತಾರೆ. ತಣ್ಣಗಾದ ಬೆರಳಿಗೆ ಮೊಬೈಲು ತೆರೆದುಕೊಳ್ಳುವುದು ಅಪರೂಪ. ಆದರೂ ಹತ್ತೂ ಬೆರಳು ಒತ್ತಿ ನೋಡುತ್ತಾರೆ.

ಆಗ ಅಲ್ಲಿ ಕೆಲಸಕ್ಕಿರುವ ತಣ್ಣಕ್ಕ ಬೆನ್ನು ತಿರುಗಿಸಿ ಮೂಲೆಯ ತೊಟ್ಟಿಯಲ್ಲಿ ಕೈ ತೊಳೆಯುತ್ತಾಳೆ. ನಿಯಮದ ಪ್ರಕಾರ ತಡೆಯಬೇಕು, ತಡೆಯುವುದಿಲ್ಲ. ನಲ್ಲಿ ಹರಿಯುವಷ್ಟು ಹೊತ್ತು ಅವರದು. ನಲ್ಲಿ ನಿಂತಿತೆಂದರೆ ಮುಗಿಯಿತು. ಪೆಟ್ಟಿಗೆ ಒಳಗೆ ಸರಿಯುತ್ತದೆ, ಬಾಗಿಲು ಮುಚ್ಚುತ್ತದೆ.

ಆ ಹೆಸರನ್ನು ಆಕೆಗೆ ಇಟ್ಟವನು ಗಂಡ. ಆಗಿನ್ನೂ ಗಂಡನಾಗಿರಲಿಲ್ಲ, ಶೀತಲ ಪೆಟ್ಟಿಗೆಗಳ ರಿಪೇರಿಗೆ ಬಂದಿದ್ದ ಮೆಕ್ಯಾನಿಕ್. ಯಂತ್ರದ ಹಿಂದೆ ಬಗ್ಗಿಕೊಂಡು ಸ್ಪ್ಯಾನರ್ ಕೇಳಿದ, ಆಕೆ ಕೊಟ್ಟಳು, ಬೆರಳು ತಾಗಿತು. "ಅಯ್ಯೋ, ಒಳಗೆ ಮಲಗಿರೋರಿಗಿಂತ ನಿಮ್ಮ ಕೈಯೇ ತಣ್ಣಗಿದೆಯಲ್ರೀ!" ಎಂದ. ಅಲ್ಲಿ ನಗುವುದು ವಾಡಿಕೆಯಿಲ್ಲ. ಆಕೆ ನಕ್ಕಳು. ಅಂದಿನಿಂದ ಕೆಲಸದವರಿಗೆಲ್ಲ ಅವಳು ತಣ್ಣಕ್ಕ, ಅವನಿಗೆ ಮಾತ್ರ ತಣ್ಣಿ.

ಹೆಣ ಕೆಡದಂತೆ ಬಳಸುವ ಫಾರ್ಮಾಲಿನ್ ಹಬೆ ಎದೆಗಿಳಿಯಲು ಇಪ್ಪತ್ತು ವರ್ಷ ಹಿಡಿಯಿತು. ಮೊದಲು ಬೆಳಗಿನ ಕೆಮ್ಮು, ಆಮೇಲೆ ಮೆಟ್ಟಿಲು ಹತ್ತುವಾಗಿನ ಕೆಮ್ಮು. ಮೇಲಿನ ಅಂತಸ್ತಿನ ಡಾಕ್ಟರು ಅವಳ ಎದೆಯ ಎಕ್ಸ್‌ರೇ ಚಿತ್ರವನ್ನು ಬೆಳಕಿಗೆ ಹಿಡಿದು, "ಈ ಕೆಲಸ ಬಿಡಿ, ಇಲ್ಲಾಂದ್ರೆ ಇಲ್ಲೇ ಕೆಳಗೆ ಬರ್ತೀರಿ" ಎಂದರು. ಪಿಂಚಣಿ ಕೈಗೆ ಬರಲು ಇನ್ನೂ ಒಂಬತ್ತು ವರ್ಷವಿತ್ತು. ಮೆಕ್ಯಾನಿಕ್ ಅಂದು ರಾತ್ರಿ ಊಟಕ್ಕೆ ಕೂತಾಗ ಹೇಳಿದ: "ಬಿಟ್ಬಿಡು. ಮುಂದಿನ ವರ್ಷಕ್ಕೆ ಬಿಟ್ಬಿಡು. ನನ್ನ ಹತ್ರ ಇದೆ."

ಇದ್ದದ್ದು ಬಿಟ್‌ಕಾಯಿನ್. ಓವರ್‌ಟೈಮ್ ದುಡ್ಡಿನಲ್ಲಿ ಚೂರುಚೂರೇ ಕೊಂಡು ವರ್ಷಗಟ್ಟಲೆ ಮುಟ್ಟದೆ ಬಿಟ್ಟಿದ್ದ. ಮೊಬೈಲಿನಲ್ಲಿ ಯಾವುದೋ ಕಂಪನಿಯ ಖಾತೆಯಲ್ಲಿತ್ತು. ಅವನ ಗೆಳೆಯನೊಬ್ಬ ನಂಬಿದ್ದ ಅಂಥದ್ದೇ ಇನ್ನೊಂದು ಕಂಪನಿ ಒಂದು ಬೆಳಿಗ್ಗೆ ಬಾಗಿಲು ಹಾಕಿಕೊಂಡ ಮೇಲೆ ಮೆಕ್ಯಾನಿಕ್ ಎಚ್ಚೆತ್ತು ಹಾರ್ಡ್‌ವೇರ್ ವ್ಯಾಲೆಟ್ ತರಿಸಿದ. ಸೆಕೆಂಡ್ ಹ್ಯಾಂಡ್ ಅಲ್ಲ, ಅಂಗಡಿಯವನ ಕೈ ದಾಟಿ ಬಂದದ್ದೂ ಅಲ್ಲ, ತಯಾರಿಸಿದವರಿಂದಲೇ ನೇರ. ಬೆಂಕಿಪೊಟ್ಟಣದಷ್ಟು ದೊಡ್ಡದು, ಎರಡು ಗುಂಡಿ, ಉಗುರಿನಷ್ಟು ಪರದೆ.

"ಇಷ್ಟರೊಳಗೆ ದುಡ್ಡು ಇರುತ್ತಾ?"

"ದುಡ್ಡು ಇದರೊಳಗೆ ಇರಲ್ಲ. ಅದು ಹೊರಗೆ, ಲೋಕದ ಕಣ್ಣೆದುರೇ ಇರುತ್ತೆ. ಇದು ಬೀಗದ ಕೈ ಮಾತ್ರ. ಇದು ಒಡೆದ್ರೆ ಚಿಂತೆ ಇಲ್ಲ, ಪದಗಳಿದ್ರೆ ಇನ್ನೊಂದು ಕೈ ಮಾಡ್ಕೋಬಹುದು. ಪದ ಹೋದ್ರೆ ಬ್ರಹ್ಮ ಬಂದ್ರೂ ಆಗಲ್ಲ."

ಪದಗಳನ್ನು ಯಂತ್ರವೇ ಹೆಕ್ಕಿ ಒಂದೊಂದಾಗಿ ತೋರಿಸಿತು, ಇಪ್ಪತ್ನಾಲ್ಕು. ಅವನು ಪೆನ್ಸಿಲಿನಲ್ಲಿ ಬರೆದುಕೊಂಡ. ಇಂಗ್ಲಿಷಿನಲ್ಲಿ ಛತ್ರಿ, ಸುರಂಗ, ಕತ್ತೆ, ಹೀಗೆ ಒಂದಕ್ಕೊಂದು ನಂಟಿಲ್ಲದವು.

"ಕತ್ತೆ ಯಾಕ್ರೀ ಬಂತು?"

"ಯಂತ್ರಕ್ಕೂ ನನ್ನ ಪರಿಚಯ ಆಗಿದೆ ಅಂತ ಕಾಣುತ್ತೆ. ಫೋಟೋ ತೆಗೀಬೇಡ! ಮೊಬೈಲು ಆ ಕಡೆ ಇಡು. ಈ ಪದಗಳು ಯಾವತ್ತೂ ಮೊಬೈಲಿಗೂ ಕಂಪ್ಯೂಟರಿಗೂ ಕಾಣಬಾರದು. ಯಾರು ಕೇಳಿದ್ರೂ, ಕಂಪನಿಯವರೇ ಅಂತ ಫೋನ್ ಮಾಡಿದ್ರೂ, ಹೇಳೋ ಹಾಗಿಲ್ಲ. ಕೇಳಿದೋನೇ ಕಳ್ಳ."

ಕಾಗದ ಸುಡುತ್ತದೆ, ನೆನೆಯುತ್ತದೆ. ಅವನು ಮಾರನೆಯ ದಿನ ಅಕ್ಷರದ ಅಚ್ಚುಗಳನ್ನೂ ಒಂದು ಉಕ್ಕಿನ ಪಟ್ಟಿಯನ್ನೂ ತಂದು ಅಡುಗೆಮನೆಯ ಮೇಜಿನ ಮೇಲೆ ಸುತ್ತಿಗೆಯಿಂದ ಹೊಡೆಯಲು ಕೂತ. ಪ್ರತಿ ಪದದ ಮೊದಲ ನಾಲ್ಕು ಅಕ್ಷರ ಸಾಕು. ಗೋಡೆಯಾಚೆಯ ಮುದುಕಿ ಕೋಲಿನಿಂದ ಕುಟ್ಟಿ ಕೂಗಿದಳು: "ಏನ್ರೀ, ಶವಪೆಟ್ಟಿಗೇನ ಮನೇಲೇ ಮಾಡ್ಕೊಳ್ತಿದ್ದೀರಾ?"

"ನಿಮ್ಮ ಅಳತೆ ಕೊಡಿ ಅಜ್ಜಿ, ಜೊತೆಗೇ ಮುಗಿಸ್ತೀನಿ!" ಎಂದು ಇವನು ಕೂಗಿದ.

ಮೊದಲು ಚಿಲ್ಲರೆಯಷ್ಟನ್ನು ಮಾತ್ರ ಯಂತ್ರಕ್ಕೆ ಕಳಿಸಿದ. ಬಂದು ಸೇರಿತು. ಆಮೇಲೆ ಯಂತ್ರದ ನೆನಪನ್ನೆಲ್ಲ ಬೇಕೆಂದೇ ಅಳಿಸಿ ಪದಗಳನ್ನು ಮತ್ತೆ ಒತ್ತಿದ. ಚಿಲ್ಲರೆ ಮತ್ತೆ ಕಾಣಿಸಿತು. ಆಮೇಲಷ್ಟೇ ಉಳಿದದ್ದನ್ನು ಸಾಗಿಸಿದ. ಕಾಗದ ಸುಟ್ಟ, ಪಟ್ಟಿಯನ್ನು ತನ್ನ ತಂಗಿಯ ಮನೆಯಲ್ಲಿ ಇರಿಸಿದ. ಯಾವುದರಲ್ಲೂ ಅವಸರಪಡುವ ಆಳಲ್ಲ ಅವನು.

ಆ ಚಳಿಗಾಲದಲ್ಲಿ ಒಬ್ಬ ಹೆಂಗಸು ಶವಾಗಾರಕ್ಕೆ ಬಂದಳು. ಹೆಣದ ಬೆರಳು ಎತ್ತಲಿಲ್ಲ. ಅಂಗೈಯಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಯಂತ್ರ, ಎರಡು ಗುಂಡಿ. "ಇವರ ಜೇಬಲ್ಲಿ ಒಂದು ಚೀಟಿ ಇತ್ತಾ? ಏನಾದ್ರೂ ಬರೆದಿರೋದು?" ಎಂದು ಕೇಳಿದಳು. ಇರಲಿಲ್ಲ. ತಣ್ಣಕ್ಕ ನಲ್ಲಿ ತಿರುಗಿಸಿದಳು, ಹೆಂಗಸು ಅಂಗಿಯ ಮಡಿಕೆಗಳನ್ನೆಲ್ಲ ತಡವಿದಳು, ಕಾಲುಚೀಲವನ್ನೂ ಬಿಡಲಿಲ್ಲ.

ಮುಂದಿನ ರಜೆಯ ಮಧ್ಯಾಹ್ನ ತಣ್ಣಕ್ಕ ಗಂಡನಿಗೆ ಹೇಳಿದಳು: "ಇವತ್ತು ನೀವು ಸತ್ತಿದ್ದೀರಿ."

"ಊಟಕ್ಕೆ ಮುಂಚೆಯಾ, ಆದ ಮೇಲಾ?"

"ಆದ ಮೇಲೆ. ಕುರ್ಚಿ ಮೇಲೆ ಕೂತ್ಕೊಳ್ಳಿ. ನಾನು ಒಬ್ಬಳೇ ತೆಗೀತೀನಿ. ಒಂದು ಮಾತೂ ಆಡೋ ಹಾಗಿಲ್ಲ."

ಅವನು ಇನ್ನೊಂದು ಹೊಸ ಯಂತ್ರವನ್ನು ಮೊದಲೇ ತಂದಿಟ್ಟಿದ್ದ. ಆಕೆ ನಾದಿನಿಯ ಮನೆಯಿಂದ ಪಟ್ಟಿ ತಂದು, ಕನ್ನಡಕ ಏರಿಸಿ, ಮೇಜಿಗೆ ಕೂತಳು. ಎರಡೇ ಗುಂಡಿಯಲ್ಲಿ ಒಂದೊಂದು ಅಕ್ಷರಕ್ಕೂ ಮುಂದೆ ಹಿಂದೆ ಓಡಾಡಬೇಕು.

"ಬಲಗಡೇದು, ಬಲಗಡೇದು..."

"ಸತ್ತೋರು ಮಾತಾಡಲ್ಲ."

"ಗೊರಕೆ?"

"ಕಾಲ ಮೇಲೆ ಕಾಲೂ ಹಾಕಲ್ಲ. ಇಳಿಸಿ."

ಇನ್ನೆರಡು ಸಲ ಬಾಯಿ ಹಾಕಿದ. ಆಕೆ ಎದ್ದು ಬಂದು ಮಡಿಚಿದ ಟವೆಲನ್ನು ಅವನ ಗದ್ದದಡಿಯಿಂದ ತಂದು ನೆತ್ತಿಯ ಮೇಲೆ ಗಂಟು ಹಾಕಿದಳು, ದಿನವೂ ಹೆಣಗಳಿಗೆ ಹಾಕುವ ಗಂಟೇ. ಅವನು ಕಿವಿ ನಿಮಿರಿದ ಮೊಲದಂತೆ ಕೂತ. ಆಕೆಗೆ ನಗು ಬಂತು, ನಗುವಿನ ಹಿಂದೆಯೇ ಕೆಮ್ಮು.

ಕತ್ತಲಾಗುವ ಮೊದಲು ಯಂತ್ರ ತೆರೆಯಿತು. ಪರದೆಯ ಮೇಲೆ ಮೊತ್ತ ಕಾಣಿಸಿತು. ಆಕೆ ಚಪ್ಪಾಳೆ ತಟ್ಟಿದವಳು, ಅಂಕಿಯನ್ನು ಇನ್ನೊಮ್ಮೆ ನೋಡಿ ಕೈ ಇಳಿಸಿದಳು. ಮೂರು ತಿಂಗಳ ಬಾಡಿಗೆಗೂ ಸಾಲದಷ್ಟಿತ್ತು. ಮೆಕ್ಯಾನಿಕ್ ಟವೆಲನ್ನು ಕಣ್ಣಿಗೆ ಸರಿಸಿಕೊಂಡು ಕುಲುಕುಲು ನಗುತ್ತಿದ್ದ.

"ಇಷ್ಟೇನಾ?"

"ಅದು ಕಳ್ಳರಿಗೆ ಅಂತ ಇಟ್ಟಿದ್ದು. ಕತ್ತಿಗೆ ಚಾಕು ಹಿಡಿದ್ರೆ ತೆಗೆದುಕೊಟ್ಟು ಕಳಿಸೋಕೆ. ಇದು ಮುಂದಿನ ಕೋಣೆ ಅಂದ್ಕೋ, ನಿಜವಾದ್ದು ಇದರದ್ದೇ ಹಿಂದಿನ ಕೋಣೇಲಿದೆ. ಅದಕ್ಕೆ ಇಪ್ಪತ್ತೈದನೇ ಪದ ಬೇಕು, ನಾನೇ ಆರಿಸಿಕೊಂಡಿದ್ದು. ಅದು ಯಂತ್ರದಲ್ಲೂ ಇಲ್ಲ, ಪಟ್ಟಿಯಲ್ಲೂ ಇಲ್ಲ." ಹಣೆ ತಟ್ಟಿ ತೋರಿಸಿದ. "ಇಲ್ಲಿದೆ."

"ನನಗೆ ಹೇಳಿ."

"ನಿನಗೆ ಗೊತ್ತಿದ್ರೆ ಚಾಕು ನಿನ್ನ ಕತ್ತಿಗೆ ಬರುತ್ತೆ. ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅಂತ ಸತ್ಯವಾಗಿ ಹೇಳಬಹುದು."

ತಣ್ಣಕ್ಕ ಟವೆಲ್ ಬಿಚ್ಚಿ ಮಡಿಚುತ್ತ ನಿಧಾನವಾಗಿ ಹೇಳಿದಳು: "ಚಾಕು ಹಾಕಿಸ್ಕೊಂಡೋರು ನನ್ನ ಹತ್ರ ವರ್ಷಕ್ಕೆ ಒಬ್ಬರೋ ಇಬ್ಬರೋ ಬರ್ತಾರೆ. ಬಚ್ಚಲಲ್ಲಿ ಜಾರಿ ಬಿದ್ದೋರು ವಾರಕ್ಕೊಬ್ಬರು. ನೀವು ಬೇಲಿ ಕಟ್ಟಿರೋದು ಯಾವ ಕಡೆಗೆ ಅಂತ ನೋಡ್ಕೊಳ್ಳಿ."

ಅವನ ನಗು ನಿಂತಿತು. ತಪ್ಪೊಪ್ಪಿಕೊಳ್ಳುವುದು ಅವನ ಜಾಯಮಾನವಲ್ಲ. ಒಪ್ಪಿಕೊಂಡಾಗ ಕೆಲಸದ ಮಾತಾಡುತ್ತಿದ್ದ. "ಆ ಪದಾನ ಒಂದು ವಾಷರ್, ಬೋಲ್ಟಿಗೆ ಹಾಕೋ ಬಿಲ್ಲೆ ಮೇಲೆ ಹೊಡೆದು ಕೊಡ್ತೀನಿ. ಅದು ನಿನ್ನ ಹತ್ರ ಇರ್ಲಿ, ಪಟ್ಟಿ ತಂಗಿ ಹತ್ರ. ಎರಡೂ ಒಂದೇ ಮನೇಲಿ ಇರಬಾರದು. ಸ್ಟೇನ್‌ಲೆಸ್ ಉಕ್ಕಿನ ವಾಷರ್ ಬೇಕು, ಮನೇಲಿರೋದು ತುಕ್ಕು ಹಿಡಿಯುತ್ತೆ. ಭಾನುವಾರ ಹೊಡೀತೀನಿ."

"ಈಗಲೇ ಕಿವೀಲಿ ಹೇಳಿದ್ರೆ ಆಯ್ತಲ್ಲ?"

"ಕಿವೀಲಿ ಹೇಳಿದ್ದು ನೀನು ಸಂತೆಗೆ ಹೋಗೋವಷ್ಟರಲ್ಲಿ ಮರೀತೀಯ. ಭಾನುವಾರ ಅಂದೆನಲ್ಲ, ಓಡಿ ಹೋಗ್ತೀನಾ?"

ಶುಕ್ರವಾರ ಒಂದು ಬೇಕರಿಯ ಮಾಳಿಗೆಯ ಮೇಲೆ ಕಂಪ್ರೆಸರ್ ಬಿಚ್ಚುತ್ತಿದ್ದಾಗ ಅವನು ಹಿಂದಕ್ಕೆ ಒಂದು ಹೆಜ್ಜೆ ಇಟ್ಟ. ಅಲ್ಲಿ ಮಾಳಿಗೆ ಇರಲಿಲ್ಲ.

ಊರಿನಲ್ಲಿ ಶವಾಗಾರ ಇದ್ದದ್ದು ಒಂದೇ. ಜೊತೆ ಕೆಲಸದ ಉದ್ದಣ್ಣ ಬಾಗಿಲಿಗೆ ಅಡ್ಡ ನಿಂತು, "ಅಕ್ಕಾ, ಇವತ್ತು ನೀವು ಮನೆಗೆ ಹೋಗಿ, ನಾನು ನೋಡ್ಕೊಳ್ತೀನಿ" ಎಂದ. ಹದಿನೆಂಟು ವರ್ಷ ಜೊತೆಗಿದ್ದವನು ಎಂದೂ ಹಾಗೆ ಅಂದವನಲ್ಲ. ಅವನ ಮೊಣಕೈ ಕೆಳಗಿನಿಂದ ಆಕೆಗೆ ಎರಡು ಬೂಟು ಕಂಡವು. ಎಡದ್ದರ ಹಿಮ್ಮಡಿಯನ್ನು ಕಳೆದ ತಿಂಗಳು ತಾನೇ ಅಂಟಿಸಿದ್ದಳು.

ಬೇರೆ ಯಾರಿಗೂ ಮುಟ್ಟಲು ಬಿಡಲಿಲ್ಲ. ತೊಳೆದಳು. ಗದ್ದದಡಿಯಿಂದ ಬಟ್ಟೆಯ ಪಟ್ಟಿ ತಂದು ನೆತ್ತಿಯ ಮೇಲೆ ಗಂಟು ಹಾಕಿದಳು. ಆಮೇಲೆ ಕೈ ಕೆಳಗಿಟ್ಟು, ತಟ್ಟೆಯಲ್ಲಿದ್ದ ಅವನ ಬಟ್ಟೆಗಳನ್ನು ನೋಡುತ್ತ ನಿಂತಳು.

ಉದ್ದಣ್ಣ ಮೂಲೆಗೆ ಹೋಗಿ, ಬೆನ್ನು ತಿರುಗಿಸಿ, ನಲ್ಲಿ ತಿರುಗಿಸಿದ.

ಅಂಗಿಯ ಜೇಬಿನಲ್ಲಿ ಟೆಸ್ಟರ್, ಆಕೆಯ ಕೆಮ್ಮಿಗೆಂದು ತಂದಿದ್ದ ಗುಳಿಗೆಯ ಪೊಟ್ಟಣ. ಪ್ಯಾಂಟಿನ ಜೇಬಿನಲ್ಲಿ ಕರವಸ್ತ್ರ, ಮನೆಯ ಬೀಗದ ಕೈ. ಒಳಜೇಬಿನಲ್ಲಿ ಗಟ್ಟಿಯಾಗಿ ಏನೋ ಸಿಕ್ಕಿತು: ಹೊಸ ಉಕ್ಕಿನ ವಾಷರ್, ಅಂಗಡಿಯ ಎಣ್ಣೆ ಇನ್ನೂ ಆರಿರಲಿಲ್ಲ. ಆಕೆ ಅದನ್ನು ದೀಪದಡಿ ಹಿಡಿದಳು. ಮಗುಚಿ ಹಿಡಿದಳು. ಉಗುರಿನಿಂದ ಸುತ್ತಲೂ ಗೀರಿ ನೋಡಿದಳು. ಎರಡೂ ಕಡೆ ನುಣ್ಣಗಿತ್ತು.

"ಆಯ್ತು ಉದ್ದಣ್ಣ," ಎಂದಳು. ನಲ್ಲಿ ನಿಂತಿತು.

ಅಲ್ಲಿಂದ ಮುಂದಿನದು ಅಡುಗೆಮನೆಯ ಮೇಜಿನ ಮುಂದಿನ ಕತೆ. ಇಪ್ಪತ್ತೈದನೆಯ ಪದ ತಪ್ಪಾದರೆ ಯಂತ್ರ ತಪ್ಪೆನ್ನುವುದಿಲ್ಲ. ಯಾವ ಪದ ಹಾಕಿದರೂ ಒಂದು ಬಾಗಿಲು ತೆರೆಯುತ್ತದೆ, ಒಳಗೆ ಏನೂ ಇರುವುದಿಲ್ಲ. ತಣ್ಣಿ ಎಂದು ಹಾಕಿದಳು, ಖಾಲಿ ಕೋಣೆ. ನಾದಿನಿಯ ಮುದ್ದಿನ ಹೆಸರು, ಅವನ ಅಮ್ಮನ ಹೆಸರು, ಅವನು ಮೊದಲ ಸಲ ರಿಪೇರಿ ಮಾಡಿದ ಪೆಟ್ಟಿಗೆಯ ನಂಬರು, ಸಿಟ್ಟು ಬಂದಾಗ ಬೈಯುತ್ತಿದ್ದ ಬೈಗುಳ, ಎಲ್ಲಕ್ಕೂ ಖಾಲಿ ಕೋಣೆ. ಒಂದಾದರೂ 'ಇಲ್ಲ' ಎಂದು ಬಾಗಿಲು ಮುಚ್ಚಿದ್ದರೆ ಆಕೆಗೆ ಎಷ್ಟೋ ಹಗುರವಾಗುತ್ತಿತ್ತು. ದೊಡ್ಡ ಅಕ್ಷರವೋ ಸಣ್ಣ ಅಕ್ಷರವೋ, ನಡುವೆ ಜಾಗ ಬಿಟ್ಟಿದ್ದನೋ, ಅದೂ ಗೊತ್ತಿಲ್ಲ.

ಅವನ ಗೆಳೆಯ ಬಂದ. "ನನಗೆ ಗೊತ್ತಿರೋ ಹುಷಾರು ಹುಡುಗ ಒಬ್ಬ ಇದ್ದಾನೆ ಅತ್ತಿಗೆ. ಆ ಇಪ್ಪತ್ನಾಲ್ಕು ಪದ ಅವನಿಗೆ ಕಳಿಸಿಬಿಡಿ, ಎರಡೇ ದಿನ" ಎಂದ.

"ಕೇಳಿದೋನೇ ಕಳ್ಳ ಅಂತ ಹೇಳಿ ಹೋಗಿದ್ದಾರೆ," ಎಂದಳು ತಣ್ಣಕ್ಕ. ಗೆಳೆಯ ಮುಖ ಊದಿಸಿಕೊಂಡು ಹೋದ.

ನಾದಿನಿ ಸೆರಗಿನಲ್ಲಿ ಮೂಗು ಒರೆಸಿಕೊಂಡು, "ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕ್ದಂಗಾಯ್ತು ಅತ್ತಿಗೆ" ಎಂದಳು.

"ಕೊಳ್ಳೆ ಹೋಗಿಲ್ಲವಲ್ಲೇ. ಎಲ್ಲ ಹಾಗೇ ಇದೆ. ಹಳೇ ಕಂಪನಿ ಖಾತೇಲಿದ್ದ ವಿಳಾಸ ಹಿಡಿದು ಕಂಪ್ಯೂಟರ್ ಅಂಗಡಿಯೋರು ನೋಡಿ ಹೇಳಿದ್ರು. ನಿಮ್ಮಣ್ಣ ಸಾಗಿಸಿದ ದಿನದಿಂದ ಒಂದು ಪೈಸೆ ಅಲುಗಾಡಿಲ್ಲವಂತೆ. ಅಷ್ಟು ಭದ್ರವಾಗಿದೆ."

ಅಂತ್ಯಕ್ರಿಯೆಯ ಖರ್ಚಿಗೆ ಮುಂದಿನ ಕೋಣೆಯದನ್ನು ತೆಗೆದರು. ಕಳ್ಳರಿಗೆಂದು ಇಟ್ಟದ್ದು ಅದಕ್ಕೆ ಸರಿಹೋಯಿತು.

ರಜೆ ಮುಗಿದ ಬೆಳಿಗ್ಗೆ ತಣ್ಣಕ್ಕ ಮೆಟ್ಟಿಲಿಳಿದು, ನಡುವೆ ಎರಡು ಕಡೆ ನಿಂತು ಕೆಮ್ಮಿ, ಏಪ್ರನ್ ಕಟ್ಟಿಕೊಂಡಳು. ವಾಷರ್ ಈಗ ಅವಳ ಬೀಗದ ಕೈಗೊಂಚಲಿನಲ್ಲಿದೆ. ಮಧ್ಯಾಹ್ನ ಒಬ್ಬ ಗಂಡಸು ಬಂದ, ಕೈಯಲ್ಲಿ ಹೆಂಡತಿಯ ಮೊಬೈಲು. ಬೆಳಕಿಗೆ ಕಣ್ಣು ಕಿರಿದಾಗಿಸಿ, ಏನು ಕೇಳಬೇಕೆಂದು ತಿಳಿಯದೆ ನಿಂತಿದ್ದ. ತಣ್ಣಕ್ಕ ಪೆಟ್ಟಿಗೆಯನ್ನು ಹೊರಗೆಳೆದು, ಬಟ್ಟೆ ಸರಿಪಡಿಸಿ, ಹೆಣದ ಬಲಗೈಯನ್ನು ತಾನೇ ಹೊರಗಿಟ್ಟಳು. ಮೂಲೆಗೆ ಹೋಗಿ ನಲ್ಲಿ ತಿರುಗಿಸಿದಳು. ಕೈ ತೊಳೆದಾಯಿತು, ಸೋಪು ಹೋಯಿತು, ಬೆರಳು ಸುಕ್ಕುಗಟ್ಟಿತು. ಉದ್ದಣ್ಣ ಬಾಗಿಲಿನಿಂದ ಇಣುಕಿ, ನೀರು ದಂಡವಾಗುತ್ತಿದೆಯೆಂದು ಸನ್ನೆ ಮಾಡಿದ.

ಆಕೆ ನಲ್ಲಿ ನಿಲ್ಲಿಸಲಿಲ್ಲ.